ಗೋಡೆ ಒಡೆಯುವ ಮುನ್ನ

ಹೊಸಪೇಟೆಯು 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರಸ್ಥಾನವಾದುದು ಪೌರರೆಲ್ಲರಿಗೂ ಅಭಿಮಾನದ ಸಂಗತಿಯೇ ಸರಿ. ಕಚೇರಿಗಳು ಬಂದವು, ಜನಸಂಚಾರ ಹೆಚ್ಚಿತು, ಹಳೆಯ ಬೀದಿಗಳ ಮನೆಗಳಿಗೂ ಅಂಗಡಿಯ ಬೆಲೆ ಬಂದಿತು. ಬೀದಿಯ ಕಡೆಯ ಗೋಡೆಯನ್ನೊಡೆದು ಷಟರು ಕೂಡಿಸಿದರೆ ತಿಂಗಳಿಗಿಷ್ಟು ಬಾಡಿಗೆ ದೊರೆಯುವುದೆಂಬ ಆಸೆ ಸ್ವಾಭಾವಿಕವಾದುದು. ಅದನ್ನು ನಾವು ಹಳಿಯುವವರಲ್ಲ. ಆದರೆ ಆ ಗೋಡೆ ಏನನ್ನು ಹೊತ್ತು ನಿಂತಿದೆಯೆಂದು ವಿಚಾರಿಸದೆ ಹಾರೆ ಹಾಕುವುದನ್ನು ಕಂಡೂ ಸುಮ್ಮನಿರುವುದು ನಮ್ಮ ಕರ್ತವ್ಯಕ್ಕೆ ಒಪ್ಪತಕ್ಕದ್ದಲ್ಲ.

“ಮನೆ ನಮ್ಮದು, ಗೋಡೆ ನಮ್ಮದು; ಕೇಳುವವರಾರು?” ಎನ್ನುವ ಮಹನೀಯರುಂಟು. ಅವರ ಮಾತು ಅರ್ಧಸತ್ಯ. ನಮ್ಮ ಮಾಳಿಗೆಮನೆಗಳಲ್ಲಿ ಗೋಡೆಯೆಂಬುದು ಬರಿಯ ಮರೆಯಲ್ಲ. ಮಾಳಿಗೆಯ ಮಣ್ಣು, ಜಂತೆ, ತೊಲೆ ಇವೆಲ್ಲವುಗಳ ಭಾರವು ಗೋಡೆಯ ಮೂಲಕವೇ ನೆಲಕ್ಕಿಳಿಯುವುದು. ಅನೇಕ ಗೋಡೆಗಳಿಗೆ ಎರಡು ಕಡೆಯಲ್ಲಿ ಕಲ್ಲಿನ ಮುಖ, ನಡುವೆ ಮಣ್ಣು ಮತ್ತು ಚೂರುಗಲ್ಲು. ಒಂದೆಡೆ ಕಲ್ಲು ಕಿತ್ತರೆ ಒಡಲಿನ ಮಣ್ಣು ಸುರಿದು ಮುಖಗಳೆರಡೂ ಬೇರ್ಪಡುತ್ತವೆ. ಕೂಡಿಕೊಂಡ ಮನೆಗಳಲ್ಲಿ ಒಂದೇ ಗೋಡೆಯು ಎರಡು ಸಂಸಾರಗಳ ಜಂತೆಗಳನ್ನು ಹೊತ್ತಿರುವುದೂ ಉಂಟು. ಅಂತಹ ಗೋಡೆಯ ಮೇಲೆ ಒಡೆಯನೊಬ್ಬನದೇ ಅಧಿಕಾರವೆಂದು ಹೇಳುವುದು ಹೇಗೆ?

ಗೋಡೆಯಲ್ಲಿ ಬಾಗಿಲು ತೆರೆಯುವುದೇ ತಪ್ಪೆಂದು ನಮ್ಮ ಅಭಿಪ್ರಾಯವಲ್ಲ. ಹಂಪಿಯ ಗಜಶಾಲೆಯಲ್ಲಿ ಆನೆ ನಡೆದುಹೋಗುವಂತಹ ಹನ್ನೊಂದು ಬಾಗಿಲುಗಳಿವೆ. ಕಮಾನು ಮೇಲಿನ ಭಾರವನ್ನು ಎಡಬಲದ ದಪ್ಪ ಗೋಡೆಗಳಿಗೆ ಹಂಚಿಕೊಡುತ್ತದೆ. ಸಾಲುಮಂಟಪಗಳಲ್ಲಿ ಕಮಾನಿಲ್ಲ, ಕಲ್ಲಿನ ತೊಲೆಯು ಬಾಗದೆ ಬಿರಿಯುವ ಸ್ವಭಾವದ್ದಾದುದರಿಂದ ಕಂಬಗಳು ಹತ್ತಿರ ಹತ್ತಿರ ನಿಂತಿವೆ. ತೆರವು ಹಿರಿದಾದಷ್ಟೂ ಆಧಾರವೂ ಬಲವಾಗಬೇಕೆಂಬ ಲೆಕ್ಕ ಎರಡರಲ್ಲಿಯೂ ಇದೆ. ಅಷ್ಟಾದರೂ 2024ರ ಮೇ ತಿಂಗಳ ಮಳೆಯಲ್ಲಿ ವಿರೂಪಾಕ್ಷ ದೇವಾಲಯದ ಮುಂದಣ ಸಾಲುಮಂಟಪದ ಒಂದು ಭಾಗವು ಕುಸಿದುಬಿದ್ದಿತು. ಶಿಲೆಯ ಗತಿಯೇ ಹೀಗಾದರೆ ಮಣ್ಣಿನ ಗೋಡೆಯ ಪಾಡೇನು?

“ಒಡೆದು ವರುಷವಾಯಿತು, ಏನೂ ಆಗಲಿಲ್ಲವಲ್ಲ” ಎಂಬ ಧೈರ್ಯವೂ ಸಲ್ಲದು. ದಕ್ಷಿಣ ಕೊರಿಯದ ಸಿಯೋಲ್ ನಗರದಲ್ಲಿ ಸಾಂಪೂಂಗ್ ಎಂಬ ದೊಡ್ಡ ಅಂಗಡಿಯ ಕಟ್ಟಡವು 1995ರಲ್ಲಿ ಕುಸಿದು 502 ಜನರು ಮೃತರಾದರು. ಮೂಲ ನಕ್ಷೆಯನ್ನು ಬದಲಿಸಿ ಅಂತಸ್ತೊಂದನ್ನು ಏರಿಸಿದುದೂ, ಕಂಬಗಳನ್ನು ಕಿರಿದು ಮಾಡಿದುದೂ ಅದರ ಕಾರಣಗಳಲ್ಲಿ ಸೇರಿದ್ದವು. ಆ ಅಂಗಡಿ ಬಾಗಿಲು ತೆರೆದು ಐದು ವರುಷಗಳಾಗುತ್ತ ಬಂದಿದ್ದವು.

ಮನೆಯವರು ಮಾಡತಕ್ಕದ್ದು ಕಷ್ಟವಾದುದೇನಲ್ಲ. ಜಂತೆಗಳ ತುದಿ ಯಾವ ಗೋಡೆಯ ಮೇಲೆ ಕುಳಿತಿದೆಯೆಂದು ಮೊದಲು ನೋಡಬೇಕು. ಬಲ್ಲ ಇಂಜಿನಿಯರರಿಂದ ಲಿಂಟಲಿನ ಅಳತೆ ಬರೆಯಿಸಿಕೊಳ್ಳಬೇಕು. ಒಡೆಯುವ ಮುನ್ನ ಗೋಡೆಯ ಎರಡೂ ಬದಿಗಳಲ್ಲಿ ಮಾಳಿಗೆಗೆ ಆಸರೆಕಂಬಗಳನ್ನು ಗಟ್ಟಿನೆಲದ ಮೇಲೆ ನಿಲ್ಲಿಸಬೇಕು. ಲಿಂಟಲು ಎರಡು ಕಡೆಗೂ ಗೇಣುದ್ದವಾದರೂ ಗೋಡೆಯ ಮೇಲೆ ಕೂಡಬೇಕು. ತೆರವು ಮೂಲೆಗೆ ಹತ್ತಿರವಿರಬಾರದು. ಕಾಂಕ್ರೀಟು ಬಲಿಯುವವರೆಗೆ ಆಸರೆಯನ್ನು ತೆಗೆಯಕೂಡದು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಆಸರೆಯ ಖರ್ಚನ್ನು ಉಳಿಸಿದವರು ಪಣಕ್ಕಿಡುವುದು ತಮ್ಮ ಹಣವನ್ನಲ್ಲ, ಗೋಡೆಯ ಬುಡದಲ್ಲಿ ನಿಂತ ಗೌಂಡಿಯ ಪ್ರಾಣವನ್ನು. ದಿನಗೂಲಿಯ ಆ ಮನುಷ್ಯನು “ಬೇಡ” ಎಂದರೆ ನಾಳೆ ಮತ್ತೊಬ್ಬನು ಬರುವನೆಂಬುದನ್ನು ಆತನೂ ಬಲ್ಲನು.

ಇನ್ನು ನಗರಸಭೆಯವರಿಗೆ ಒಂದು ಮಾತು. 1964ರ ಪುರಸಭೆಗಳ ಅಧಿನಿಯಮವು ಕಟ್ಟಡಗಳ ಮೇಲೆ ಅವರಿಗೆ ಅಧಿಕಾರವನ್ನು ಕೊಟ್ಟಿದೆ. ಆದರೆ ಅನುಮತಿಯೆಂದರೆ ಅಲೆದಾಟವೆಂಬ ಭೀತಿ ಜನರಲ್ಲಿರುವವರೆಗೆ ಗೋಡೆಗಳು ರಾತ್ರಿಯಲ್ಲಿ ಒಡೆಯುತ್ತಲೇ ಇರುವುವು. ಅಲ್ಪ ಶುಲ್ಕಕ್ಕೆ, ಅರ್ಜಿ ಕೊಟ್ಟ ವಾರದೊಳಗೆ, ಇಂಜಿನಿಯರರೊಬ್ಬರು ಮನೆಗೆ ಬಂದು ನೋಡಿ ಹೇಳುವಂತೆ ಏರ್ಪಡಿಸಲಿ. ಬಿದ್ದ ಮನೆಯ ಮುಂದೆ ಪಂಚನಾಮೆ ಬರೆಯಲು ಬರುವ ಅಧಿಕಾರಿಯು ನಿಂತ ಮನೆಗೆ ಒಮ್ಮೆ ಬಂದುಹೋಗುವುದು ಎಲ್ಲರಿಗೂ ಕ್ಷೇಮಕರವು.