ನಿಮ್ಮ ಮನೆಯ ಹಳೆಯ ಕಾರಿಗೆ ಲಕ್ಷಗಟ್ಟಲೆ ಬೆಲೆ ಸಿಗುತ್ತದೆಯೇ? ಮಾರುವ ಮುನ್ನ ಇದನ್ನು ಓದಿ

ಹದಿನೈದು ವರ್ಷ ದಾಟಿದ ಕಾರನ್ನು ಸರ್ಕಾರ ಗುಜರಿಗೆ ಹಾಕುತ್ತದೆ, ಬೇಗ ಮಾರಿಬಿಡಿ ಎನ್ನುವ ಸಂದೇಶ ಒಂದು ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ. ಹಳೆಯ ಅಂಬಾಸಿಡರ್ ಇದ್ದವರೆಲ್ಲ ಲಕ್ಷಾಧಿಪತಿಗಳು ಎನ್ನುವ ಸಂದೇಶ ಇನ್ನೊಂದರಲ್ಲಿ. ಮೊದಲನೆಯದನ್ನು ನಂಬಿದವರು ಕಾರನ್ನು ಕಬ್ಬಿಣದ ತೂಕಕ್ಕೆ ಕೊಟ್ಟುಬಿಡುತ್ತಾರೆ. ಎರಡನೆಯದನ್ನು ನಂಬಿದವರು ಸಾಲ ಮಾಡಿ ಬಣ್ಣ ಹೊಡೆಸುತ್ತಾರೆ. ಇಬ್ಬರಿಗೂ ನಷ್ಟವೇ.

ಮೈಸೂರಿನಿಂದ ಬರುವ ರಸ್ತೆ ಊಟಿಯ ಕಡೆಗೂ ವಯನಾಡಿನ ಕಡೆಗೂ ಕವಲೊಡೆಯುವುದು ಗುಂಡ್ಲುಪೇಟೆಯಲ್ಲಿ. ಇಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ನಿಂತ ಕಾರಿಗೆ ಕರ್ನಾಟಕದಿಂದಷ್ಟೇ ಅಲ್ಲ, ಕೇರಳ, ತಮಿಳುನಾಡಿನಿಂದಲೂ ಗಿರಾಕಿ ಬರಬಹುದು. ಮಾರುವ ಮುನ್ನ ಯಾವುದು ನಿಜ, ಯಾವುದು ಸುಳ್ಳು ಎಂದು ನೋಡೋಣ.

15 ವರ್ಷವಾದರೆ ಗುಜರಿಗೆ ಹಾಕಲೇಬೇಕೇ?

ಇಲ್ಲ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧ ದೆಹಲಿ ರಾಜಧಾನಿ ಪ್ರದೇಶದ ಮಾಲಿನ್ಯಕ್ಕೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ಆರ್‌ಟಿಒ ತಪಾಸಣೆ ನಡೆಯುತ್ತದೆ. ಅದರಲ್ಲಿ ಪಾಸಾದರೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬಹುದು.

ಹಳೆಯದೆಲ್ಲ ವಿಂಟೇಜ್ ಕಾರೇ?

ಅಲ್ಲ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸದಾಗಿ ವಿಂಟೇಜ್ ನೋಂದಣಿ ಮಾಡಿಸಲು ಶುಲ್ಕ 20,000 ರೂಪಾಯಿ. ಹಾಗೆ ನೋಂದಣಿಯಾದ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂತಹ ಕೆಲಸಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ.

ಪೆಟ್ರೋಲ್ ಖರ್ಚು ಉಳಿಸಲು ಅಂಬಾಸಿಡರ್, ಪದ್ಮಿನಿಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲದಲ್ಲಿ ನಮ್ಮಲ್ಲಿ ಸಾಮಾನ್ಯವಾಗಿತ್ತು. ಅಂತಹ ಕಾರು ಎಷ್ಟೇ ಹಳೆಯದಾದರೂ ಈ ನಿಯಮಕ್ಕೆ ಒಗ್ಗುವುದಿಲ್ಲ. ಇನ್ನು ಅಂಬಾಸಿಡರ್ ತಯಾರಿಕೆ ನಿಂತಿದ್ದೇ 2014ರಲ್ಲಿ. ಹೆಸರೊಂದರಿಂದಲೇ ಅದು ಅಪರೂಪದ ಕಾರಾಗುವುದಿಲ್ಲ. ಬೆಲೆ ತರುವುದು ವಯಸ್ಸು, ಮೂಲ ಭಾಗಗಳು ಮತ್ತು ಸರಿಯಾದ ದಾಖಲೆ.

ಬಣ್ಣ ಹೊಡೆಸಿದರೆ ಹೆಚ್ಚು ಬೆಲೆ ಬರುತ್ತದೆಯೇ?

ಹೆಚ್ಚಾಗಿ ಇಲ್ಲ. ಕಬ್ಬಿಣ ನೀರು ಮತ್ತು ಆಮ್ಲಜನಕದೊಂದಿಗೆ ಸೇರಿದಾಗ ತುಕ್ಕಾಗುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದ ಮೇಲೆ ಬಣ್ಣ ಬಳಿದರೂ ಅದು ಒಳಗೇ ಬೆಳೆದು ಬಣ್ಣವನ್ನು ಗುಳ್ಳೆಯಂತೆ ಎಬ್ಬಿಸುತ್ತದೆ. ಮಣ್ಣಿನ ನೆಲದ ಮೇಲೆ ಟಾರ್ಪಾಲಿನ್ ಬಿಗಿದು ನಿಲ್ಲಿಸಿದ ಕಾರಿನಲ್ಲಿ ತೇವ ಹೊರಹೋಗದೆ ಇದು ಇನ್ನೂ ಜೋರಾಗುತ್ತದೆ.

ಕಾರನ್ನು ಪುನಶ್ಚೇತನ ಮಾಡಲೆಂದೇ ಕೊಳ್ಳುವವರಿಗೆ ಇದೆಲ್ಲ ಗೊತ್ತು. ಅವರು ಆಯಸ್ಕಾಂತ ಹಿಡಿದು ಬರುತ್ತಾರೆ. ತೂತಿಗೆ ಪಟ್ಟಿ ತುಂಬಿದ ಜಾಗದಲ್ಲಿ ಆಯಸ್ಕಾಂತ ಸರಿಯಾಗಿ ಅಂಟುವುದಿಲ್ಲ. ಹೊಸ ಬಣ್ಣ ಕಂಡರೆ ಏನನ್ನೋ ಮುಚ್ಚಿದ್ದಾರೆ ಎಂಬ ಅನುಮಾನ ಬಂದು ಬೆಲೆ ಇಳಿಸುತ್ತಾರೆ. ಕಾರನ್ನು ತೊಳೆದು ಒಣಗಿಸಿ, ತುಕ್ಕು ಇರುವ ಕಡೆ, ಕಾರಿನ ಅಡಿಭಾಗ, ಚಾಸಿಸ್ ನಂಬರ್‌ಗಳ ಫೋಟೊ ತೆಗೆದು ತೋರಿಸಿ. ಕಳಚಿಟ್ಟ ಹಳೆಯ ಹಿಡಿಕೆ, ದೀಪ, ಮೀಟರ್‌ಗಳನ್ನೂ ಜೊತೆಗೇ ಕೊಡಿ. ಗುಜರಿಯವನಿಗೆ ಬೇಡವಾದ ಈ ಬಿಡಿಭಾಗಗಳೇ ಇಂತಹ ಗಿರಾಕಿಗೆ ಬೇಕಾದ ವಸ್ತು.

ಸ್ಟಾರ್ಟ್ ಮಾಡಿ ತೋರಿಸಬೇಕೇ?

ವರ್ಷಗಟ್ಟಲೆ ನಿಂತ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಬೇಡಿ. ಹಳೆಯ ಪೆಟ್ರೋಲ್ ಅಂಟಾಗಿ ಕಾರ್ಬುರೇಟರ್ ಕಟ್ಟಿಕೊಂಡಿರುತ್ತದೆ. ಸಿಲಿಂಡರ್ ಗೋಡೆಯ ಆಯಿಲ್ ಪೂರ್ತಿ ಇಳಿದುಹೋಗಿ ಪಿಸ್ಟನ್ ರಿಂಗ್ ಅಂಟಿರಬಹುದು. ಇಲಿ ಕಡಿದ ವೈರಿನಿಂದ ಬೆಂಕಿ ಹೊತ್ತಿಕೊಳ್ಳಬಹುದು. ರಿಪೇರಿಯಾಗಬಹುದಾದ ಎಂಜಿನ್ ಆ ಒಂದು ನಿಮಿಷದಲ್ಲಿ ಕೆಡಬಹುದು. ನಿಂತು ಎಷ್ಟು ವರ್ಷವಾಯಿತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು.

ದುಡ್ಡು ಕೈಗೆ ಬಂದರೆ ಮಾರಾಟ ಮುಗಿಯಿತೇ?

ಅತಿ ದೊಡ್ಡ ತಪ್ಪು ಕಲ್ಪನೆ ಇದೇ. 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಕಾರು ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾಗಿತ್ತು, ಆದರೆ ಆರ್‌ಸಿಯಲ್ಲಿ ಹೆಸರು ಬದಲಾಗಿರಲಿಲ್ಲ. ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿರುವ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಛಾಪಾ ಕಾಗದದ ಕರಾರು ಮಾತ್ರ ನಿಮ್ಮನ್ನು ಕಾಯುವುದಿಲ್ಲ.

ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನದೊಳಗೆ ನಮೂನೆ 29ರಲ್ಲಿ ಆರ್‌ಟಿಒಗೆ ತಿಳಿಸಬೇಕು. ಹೆಸರು ವರ್ಗಾವಣೆಗೆ ನಮೂನೆ 30. ಕಾರು ಕೇರಳ ಅಥವಾ ತಮಿಳುನಾಡಿಗೆ ಹೋಗುವುದಾದರೆ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರವೂ ಬೇಕು. ಕಾರು ತೀರಿಕೊಂಡ ತಂದೆಯ ಹೆಸರಿನಲ್ಲಿದ್ದರೆ ಮೊದಲು ನಮೂನೆ 31ರ ಮೂಲಕ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ.

ಇನ್ನೊಂದು ಮಾತು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಗುಂಡ್ಲುಪೇಟೆ ಮೈಸೂರು ಜಿಲ್ಲೆಯಲ್ಲಿತ್ತು. ಆಗಿನ ಕಾರಿನ ಕಡತ ಇಂದಿನ ಕೆಎ-10 ಕಚೇರಿಯಲ್ಲಿ ಸಿಗದಿದ್ದರೆ ಗಾಬರಿಯಾಗದೆ ಮೈಸೂರಿನಲ್ಲಿ ವಿಚಾರಿಸಿ.

ಕೊನೆಯದಾಗಿ, ಆನ್‌ಲೈನ್ ಗಿರಾಕಿ ಮುಂಗಡ ಕಳಿಸುತ್ತೇನೆಂದು ಕ್ಯೂಆರ್ ಕೋಡ್ ಕಳಿಸಿದರೆ ಸ್ಕ್ಯಾನ್ ಮಾಡಬೇಡಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹಳೆಯ ಕಾರು ಮಾರಲು ಹೊರಟ ಪರಿಚಯದವರಿಗೆ ಈ ಮಾಹಿತಿಯನ್ನು ಕಳಿಸಿ. ಗಡಿಬಿಡಿಯಲ್ಲಿ ಗುಜರಿಗೆ ಹಾಕುವುದೂ ಬೇಡ, ಲಕ್ಷದ ಕನಸಿನಲ್ಲಿ ಸಾಲ ಮಾಡುವುದೂ ಬೇಡ.