ಲಿನಕ್ಸ್ ಮತ್ತು ಆಟ ತಯಾರಕರ ಹೊಣೆ

ಗಣಕಯಂತ್ರದ ಆಟಗಳನ್ನು ಮಕ್ಕಳ ಕಾಲಹರಣವೆಂದು ತಳ್ಳಿಹಾಕುವ ಕಾಲ ಕಳೆದುಹೋಗಿದೆ. ಚಿತ್ರಕಲೆ, ಸಂಗೀತ, ಕಥನ, ಗಣಿತಗಳು ಸಂಗಮಿಸಿದ ಬೃಹತ್ ಉದ್ಯಮ ಅದು. ಈ ಉದ್ಯಮ ಬಹುಮಟ್ಟಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ವ್ಯವಸ್ಥೆಯನ್ನೇ ಆಶ್ರಯಿಸಿ ಬೆಳೆದಿದೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇದಕ್ಕೆ ಭಿನ್ನವಾದುದು. ಅದನ್ನು ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು, ಪರರಿಗೆ ಹಂಚಬಹುದು. ಆಟ ತಯಾರಕರು ಇದಕ್ಕೂ ಬೆಂಬಲ ನೀಡಬೇಕೆ ಎಂಬುದು ಇಂದಿನ ಪ್ರಶ್ನೆ.

ಬೇಡವೆನ್ನುವವರ ವಾದವನ್ನು ಹಗುರವಾಗಿ ಕಾಣಲಾಗದು. ಆಟಗಳ ಬಹುದೊಡ್ಡ ಮಾರುಕಟ್ಟೆಯಾದ ಸ್ಟೀಮ್ 2025ರ ಕೊನೆಯಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ಲಿನಕ್ಸ್ ಬಳಸುವವರು ನೂರಕ್ಕೆ ಸುಮಾರು 3 ಮಂದಿ ಮಾತ್ರ. ಲಿನಕ್ಸಿನಲ್ಲಿ ಹಲವು ಪ್ರಭೇದಗಳಿದ್ದು, ಎಲ್ಲದರಲ್ಲಿಯೂ ಆಟವನ್ನು ಪರೀಕ್ಷಿಸುವುದು ದುಬಾರಿ ಕೆಲಸ. ಪ್ರಸಿದ್ಧ ಆಟಗಳನ್ನು ಲಿನಕ್ಸಿಗೆ ಅಳವಡಿಸಲೆಂದೇ 1998ರಲ್ಲಿ ಹುಟ್ಟಿದ ಲೋಕಿ ಸಂಸ್ಥೆ 2002ರಲ್ಲಿ ಬಾಗಿಲು ಮುಚ್ಚಿತು. 'ರಾಕೆಟ್ ಲೀಗ್' ಆಟದ ತಯಾರಕರು 2020ರಲ್ಲಿ ಲಿನಕ್ಸ್ ಬೆಂಬಲವನ್ನು ಹಿಂತೆಗೆದುಕೊಂಡರು.

ಆದರೆ ಪರಿಸ್ಥಿತಿ ಮೊದಲಿನಂತಿಲ್ಲ. ವಿಂಡೋಸಿಗಾಗಿ ಬರೆದ ತಂತ್ರಾಂಶದ ಆಜ್ಞೆಗಳನ್ನು ಲಿನಕ್ಸಿಗೆ ಅರ್ಥವಾಗುವಂತೆ ಮಾರ್ಪಡಿಸುವ 'ವೈನ್' ಎಂಬ ಸಾಧನದ ರಚನೆ 1993ರಲ್ಲಿಯೇ ಆರಂಭವಾಗಿತ್ತು. ಅದರ ತಳಹದಿಯ ಮೇಲೆ ಸ್ಟೀಮಿನ ಒಡೆಯನಾದ ವಾಲ್ವ್ ಸಂಸ್ಥೆ 2018ರಲ್ಲಿ 'ಪ್ರೋಟಾನ್' ಅನ್ನು ಹೊರತಂದಿತು. 2022ರಲ್ಲಿ ಬಂದ ಅದರ ಕೈಹಿಡಿ ಯಂತ್ರ 'ಸ್ಟೀಮ್ ಡೆಕ್' ಲಿನಕ್ಸಿನಿಂದಲೇ ನಡೆಯುತ್ತದೆ. ವಿಂಡೋಸಿಗೆಂದೇ ರಚಿತವಾದ ಸಾವಿರಾರು ಆಟಗಳು ಇಂದು ಲಿನಕ್ಸಿನಲ್ಲಿ ಸುಗಮವಾಗಿ ಆಡಲ್ಪಡುತ್ತಿವೆ. ಇದರಲ್ಲಿ ವಾಲ್ವಿನ ವ್ಯಾಪಾರಹಿತವೂ ಅಡಗಿದೆಯೆಂಬುದು ನಿಜ. ಆದರೂ ಅದರ ಫಲ ಸರ್ವರಿಗೂ ದೊರಕಿದೆ. ಹೀಗಾಗಿ ಲಿನಕ್ಸಿಗೆ ಪ್ರತ್ಯೇಕ ಆವೃತ್ತಿಯನ್ನು ರಚಿಸಲೇಬೇಕೆಂಬ ಒತ್ತಾಯಕ್ಕೆ ಮೊದಲಿನ ಬಲವಿಲ್ಲ.

ಈಗ ಉಳಿದಿರುವ ದೊಡ್ಡ ಅಡ್ಡಿ ಮೋಸದಾಟ ತಡೆಯುವ ಕಾವಲು ತಂತ್ರಾಂಶ. ಇಂತಹ ಎರಡು ಪ್ರಮುಖ ತಂತ್ರಾಂಶಗಳಾದ ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ 2021ರಲ್ಲಿಯೇ ಪ್ರೋಟಾನಿಗೆ ಅವಕಾಶ ಕಲ್ಪಿಸಿವೆ. ಒಪ್ಪಿಗೆ ಕೊಡಬೇಕಾದವರು ಆಯಾ ಆಟದ ತಯಾರಕರು. ಕೆಲವರು ಕೊಟ್ಟರು, ಕೆಲವರು ಕೊಡಲಿಲ್ಲ. 'ಏಪೆಕ್ಸ್ ಲೆಜೆಂಡ್ಸ್' ತಯಾರಕರು ಕೊಟ್ಟ ಅವಕಾಶವನ್ನು 2024ರ ಅಕ್ಟೋಬರಿನಲ್ಲಿ ಮರಳಿ ಕಸಿದುಕೊಂಡರು. ಮೋಸಗಾರರು ಲಿನಕ್ಸಿನ ಮುಕ್ತತೆಯನ್ನು ದುರುಪಯೋಗಪಡಿಸಿಕೊಳ್ಳುತ್ತಾರೆಂಬ ಅವರ ಕಾರಣ ಪೊಳ್ಳಲ್ಲ. ಆದರೆ ಅದರ ದಂಡವನ್ನು ತೆತ್ತವರಲ್ಲಿ ಪ್ರಾಮಾಣಿಕವಾಗಿ ಆಡುತ್ತಿದ್ದವರೂ ಇದ್ದರು.

ತಯಾರಕರ ಹೊಣೆಯನ್ನು ಇಲ್ಲಿಯೇ ಗುರುತಿಸಬೇಕು. ಪ್ರತ್ಯೇಕ ಆವೃತ್ತಿ ಅವರ ಶಕ್ತಿಗೆ ಮೀರಿದ್ದಾಗಿರಬಹುದು. ಪ್ರೋಟಾನಿನಲ್ಲಿ ತಮ್ಮ ಆಟ ನಡೆಯುವುದೇ ಎಂದು ಪರೀಕ್ಷಿಸುವುದು ಮೀರಿದ್ದಲ್ಲ. ಅವಕಾಶ ಕೊಡಲಾಗದಿದ್ದರೆ ಅದನ್ನು ಮಾರಾಟಕ್ಕೆ ಮುನ್ನವೇ ಸ್ಪಷ್ಟವಾಗಿ ತಿಳಿಸಬೇಕು. ಕೊಟ್ಟದ್ದನ್ನು ಹಿಂತೆಗೆದುಕೊಂಡರೆ ಹಣವನ್ನೂ ಹಿಂದಿರುಗಿಸಬೇಕು. ಬೆಂಬಲ ಹಿಂತೆಗೆದ 'ರಾಕೆಟ್ ಲೀಗ್' ತಯಾರಕರು ಹಣ ಮರಳಿಸಲು ಮುಂದಾದರೆಂಬುದು ಗಮನಾರ್ಹ.

ಇದು ಕೇವಲ ಮೂರು ಮಂದಿಯ ಹಿತದ ಮಾತಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಾಗ, ವಿಂಡೋಸ್ 11ರ ನಿಬಂಧನೆಗಳಿಗೆ ಒಗ್ಗದ ಎಷ್ಟೋ ಸುಸ್ಥಿತಿಯ ಯಂತ್ರಗಳು ಅನಾಥವಾದವು. ಅಂತಹ ಯಂತ್ರಗಳಿಗೆ ಲಿನಕ್ಸ್ ಮರುಜೀವ ಕೊಡಬಲ್ಲದು. ಕೃತಿಗಳ ಆಯುಷ್ಯಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ. 1993ರ 'ಡೂಮ್' ಆಟದ ಮೂಲ ಬರಹವನ್ನು ಇಡ್ ಸಾಫ್ಟ್‌ವೇರ್ ಸಂಸ್ಥೆ 1997ರಲ್ಲಿ ಲಿನಕ್ಸ್ ಆವೃತ್ತಿಯ ರೂಪದಲ್ಲಿಯೇ ಲೋಕಕ್ಕೆ ಬಿಟ್ಟುಕೊಟ್ಟಿತು. ಆಸಕ್ತರು ಇಂದಿಗೂ ಅದನ್ನು ಹೊಸ ಯಂತ್ರಗಳಿಗೆ ಅಳವಡಿಸುತ್ತಿದ್ದಾರೆ. ಒಂದೇ ಒಡೆಯನ ಅಂಗಳದಲ್ಲಿ ಬೆಳೆದ ಬಳ್ಳಿಗೆ ಆ ಒಡೆಯನ ಮರ್ಜಿಯೇ ಆಧಾರ. ಆಟ ತಯಾರಕರು ಇದನ್ನು ಮನಗಂಡು ಲಿನಕ್ಸಿನ ಕಡೆಯ ಬಾಗಿಲನ್ನು ಕನಿಷ್ಠಪಕ್ಷ ಮುಚ್ಚದಿರುವುದು ಅವರಿಗೂ ಆಡುವವರಿಗೂ ಶ್ರೇಯಸ್ಕರ.