ಕಾರ್ಗಿಲ್ ಮೀನಿನ ಹೆಸರಲ್ಲೊಂದು ತಾರೀಖು

ನಮ್ಮ ಕರಾವಳಿಯ ಧಕ್ಕೆಗಳಲ್ಲಿ ಕಡುನೀಲಿ ಮೈಯ, ಕೆಂಪು ಹಲ್ಲಿನ ಮೀನೊಂದಕ್ಕೆ ‘ಕಾರ್ಗಿಲ್’ ಎಂದು ಹೆಸರು. ಕಾರ್ಗಿಲ್ ಯುದ್ಧದ ಹೊತ್ತಿಗೇ ಅದು ಬಲೆಗೆ ಬೀಳತೊಡಗಿದ್ದು, ಹೆಸರು ಬಂದದ್ದೂ ಹಾಗೇ ಎನ್ನುತ್ತಾರೆ ಬೋಟಿನವರು. ದಾಖಲೆಗೆಂದು ಯಾರೂ ಇಟ್ಟ ಹೆಸರಲ್ಲ. ಆದರೂ 1999ರ ಆಸುಪಾಸಿನಲ್ಲಿ ಕಡಲೊಳಗೆ ಏನೋ ಬದಲಾಯಿತೆಂಬ ಸುಳಿವು ಅದರಲ್ಲಿ ಉಳಿದಿದೆ. ಇಂಥ ಸುಳಿವನ್ನು ಕಟ್ಟೆಪುರಾಣವೆಂದು ಬದಿಗಿಡದೆ, ತಾರೀಖು ಹಾಕಿ ಮೀನಿನ ಲೆಕ್ಕದ ಪಕ್ಕದಲ್ಲೇ ಬರೆದಿಡಬೇಕು.

ಏಕೆಂದರೆ ಆ ಲೆಕ್ಕ ಹುಟ್ಟುವುದು ಬಹುಪಾಲು ದಡದಲ್ಲಿ. ಎಷ್ಟು ಟನ್ ಬಂಗುಡೆ ಇಳಿಯಿತೆಂಬುದು ಅಲ್ಲಿ ಗೊತ್ತಾಗುತ್ತದೆ. ಅದಕ್ಕಾಗಿ ಬೋಟು ಎಷ್ಟು ಮಾರು ಆಳಕ್ಕೆ ಹೋಯಿತು, ಎಷ್ಟು ಡೀಸೆಲ್ ಸುಟ್ಟಿತು, ಏನನ್ನು ವಾಪಸ್ ನೀರಿಗೆ ಚೆಲ್ಲಿತು ಎಂಬುದು ಬೋಟು ನಡೆಸುವ ತಾಂಡೇಲನಿಗೆ ಗೊತ್ತು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಈ ವ್ಯತ್ಯಾಸಕ್ಕೆ ಭಾರೀ ಬೆಲೆ ತೆತ್ತಿತು. ಕಾಡ್ ಮೀನು ಕಡಿಮೆಯಾಗುತ್ತಿದೆ, ಸಣ್ಣದಾಗುತ್ತಿದೆ ಎಂದು ದಡದ ಸಮೀಪ ಬಲೆ ಹಾಕುವವರು 1980ರ ದಶಕದಲ್ಲೇ ಎಚ್ಚರಿಸಿದ್ದರು. ಸರಕಾರಿ ಅಂದಾಜು ಮಾತ್ರ ದೊಡ್ಡ ಟ್ರಾಲರ್‌ಗಳ ಬಲೆಗೆ ಬಿದ್ದ ಮೀನಿನ ಲೆಕ್ಕವನ್ನು ಬಹಳವಾಗಿ ನಂಬಿತ್ತು. ಅಳಿದುಳಿದ ಮೀನು ಒಂದೆಡೆ ಗುಂಪುಗೂಡಿದರೆ ಟ್ರಾಲರ್‌ಗೆ ಬರ ಕಾಣುವುದೇ ಇಲ್ಲ. 1992ರ ಜುಲೈಯಲ್ಲಿ ಆ ಮೀನುಗಾರಿಕೆಯನ್ನೇ ನಿಲ್ಲಿಸಿದರು; ಸುಮಾರು 30,000 ಮಂದಿಯ ಕೆಲಸ ಹೋಯಿತು.

ನೆನಪನ್ನು ನಂಬುವುದು ಹೇಗೆ, ಅಜ್ಜನ ಕಾಲದ ಮೀನು ಯಾವತ್ತೂ ದೊಡ್ಡದೇ ಅಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಈ ದೋಷದಿಂದ ವಿಜ್ಞಾನಿಗಳೂ ಹೊರತಲ್ಲ: ಪ್ರತಿ ತಲೆಮಾರೂ ತಾನು ಕೆಲಸಕ್ಕೆ ಸೇರಿದಾಗ ಕಂಡ ಕಡಲನ್ನೇ ಸಹಜಸ್ಥಿತಿ ಎಂದುಕೊಳ್ಳುತ್ತದೆ ಎಂದು ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪೌಲಿ 1995ರಲ್ಲೇ ಬರೆದರು. ಅಜ್ಜ, ಮಗ, ಮೊಮ್ಮಗನನ್ನು ಬೇರೆಬೇರೆಯಾಗಿ ಕೇಳಿ ಹೋಲಿಸಿದರೆ ಈ ಜಾರುವಿಕೆಯೇ ಕಣ್ಣಿಗೆ ಬೀಳುತ್ತದೆ. ಸ್ವಾರ್ಥದ ಮಾತೂ ಇದೆ. ನಾಡದೋಣಿಯವರು ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸಿನ್‌ನವರನ್ನು ದೂರುತ್ತಾರೆ, ಪರ್ಸಿನ್‌ನವರು ಟ್ರಾಲ್‌ನವರತ್ತ ಬೆರಳು ತೋರಿಸುತ್ತಾರೆ. ಇರಲಿ, ಹೀಗೆ ಜಗಳವಾಡುವವರೆಲ್ಲ ಬೂತಾಯಿ ಮೀನಿನ ಬಗ್ಗೆ ಒಂದೇ ಮಾತು ಹೇಳಿದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ?

ಅವಸರವೂ ಇದೆ. ನೀರಿನ ಬಣ್ಣ, ಹಕ್ಕಿಗಳ ಎರಗಾಟ ನೋಡಿ ದಡದಿಂದಲೇ ಮೀನಿನ ಹಿಂಡು ಗುರುತಿಸಿ ರಂಪಣಿ ಬಲೆ ಬಿಡುತ್ತಿದ್ದವರು 1970ರ ದಶಕದಲ್ಲಿ ಪರ್ಸಿನ್ ಬಂದಮೇಲೆ ಮೂಲೆ ಸೇರಿದರು. ಅವರಲ್ಲಿ ಬದುಕಿರುವವರಿಗೆ ಈಗ ಎಪ್ಪತ್ತು ದಾಟಿದೆ. ಜೂನ್–ಜುಲೈಯ 61 ದಿನಗಳ ನಿಷೇಧದಲ್ಲಿ ಯಾಂತ್ರಿಕ ಬೋಟುಗಳು ದಡ ಹತ್ತಿರುತ್ತವೆ, ಬಲೆ ರಿಪೇರಿ ನಡೆದಿರುತ್ತದೆ. ಹೇಳಿದವರಿಗೆ ದಿನಗೂಲಿ ಕೊಟ್ಟು ಬರೆದುಕೊಳ್ಳಲು ಕೂರಬೇಕಾದದ್ದು ಆ ಬಲೆಯ ಪಕ್ಕದಲ್ಲೇ.